ಎಚ್‌ಐವಿ ವಾಸಿಯಾಗಲು ಸಿಸಿಆರ್5 ಜೀನ್ ಕೆಟ್ಟಿರಲೇಬೇಕೇ?

ಎಚ್‌ಐವಿಯಿಂದ ಒಬ್ಬರು ಪೂರ್ತಿ ಗುಣವಾದರು ಎಂಬ ಸುದ್ದಿ ಬಂದಾಗಲೆಲ್ಲ ಅದರ ಜೊತೆಗೇ ಒಂದು ಹೆಸರು ಬರುತ್ತಿತ್ತು: ಸಿಸಿಆರ್5. ಈ ಜೀನ್ ಹುಟ್ಟಿನಿಂದಲೇ ಕೆಟ್ಟಿರುವ ದಾನಿ ಸಿಕ್ಕಿದರು, ಅವರ ಅಸ್ಥಿಮಜ್ಜೆ ಹಾಕಿದರು, ವೈರಸ್ ಹೋಯಿತು. ಹದಿನೈದು ವರ್ಷ ನಾವು ಓದಿಕೊಂಡು ಬಂದ ಕತೆ ಇದು.

2024ರ ಜುಲೈನಲ್ಲಿ ಜರ್ಮನಿಯ ಮ್ಯೂನಿಕ್‌ನಲ್ಲಿ ನಡೆದ ಏಡ್ಸ್ ಸಮ್ಮೇಳನದಲ್ಲಿ ಈ ಕತೆಗೆ ಸರಿಹೊಂದದ ಒಬ್ಬ ರೋಗಿಯ ವಿವರ ಹೊರಬಂತು. ಬರ್ಲಿನ್‌ನ ಷಾರಿಟೆ ಆಸ್ಪತ್ರೆಯ ವೈದ್ಯರು ಅವರನ್ನು 'ಎರಡನೇ ಬರ್ಲಿನ್ ರೋಗಿ' ಎಂದು ಕರೆದರು. ಅವರಿಗೆ ಕಾಂಡಕೋಶ (ಅಸ್ಥಿಮಜ್ಜೆಯಲ್ಲಿದ್ದು ರಕ್ತಕೋಶಗಳನ್ನು ಹುಟ್ಟಿಸುವ ಕೋಶ) ಕೊಟ್ಟ ದಾನಿಯ ಎರಡು ಸಿಸಿಆರ್5 ಪ್ರತಿಗಳಲ್ಲಿ ಒಂದು ಮಾತ್ರ ಕೆಟ್ಟಿತ್ತು, ಇನ್ನೊಂದು ಚೆನ್ನಾಗಿಯೇ ಇತ್ತು. ಅದಕ್ಕೂ ಒಂದು ವರ್ಷ ಮೊದಲು ಸ್ವಿಟ್ಜರ್ಲೆಂಡ್‌ನ ಜಿನೀವಾದಿಂದ ಇನ್ನೂ ಅಚ್ಚರಿಯ ಸುದ್ದಿ ಬಂದಿತ್ತು. ಅಲ್ಲಿನ ದಾನಿಯ ಎರಡೂ ಪ್ರತಿಗಳು ಸರಿಯಾಗಿದ್ದವು. ಆದರೂ ವೈರಸ್ ಮರಳಲಿಲ್ಲ.

ಹಾಗಾದರೆ ಇಷ್ಟು ದಿನ ಹೇಳಿದ್ದು ಸುಳ್ಳಾ? ಸುಳ್ಳಲ್ಲ, ಆದರೆ ಅರ್ಧ. ಉಳಿದ ಅರ್ಧ ಅರ್ಥವಾಗಬೇಕಾದರೆ ಮೊದಲು ಈ ಜೀನ್ ಹೇಗಿದೆ, ಕೆಟ್ಟಾಗ ಏನಾಗುತ್ತದೆ ಎಂದು ನೋಡಬೇಕು.

ಜಗಲಿ ಮತ್ತು ಕದ

ನಮ್ಮ ಜೀವಕೋಶದ ಹೊರಮೈ ಮೇಲೆ ಸಾವಿರಾರು ಪ್ರೋಟೀನ್‌ಗಳು ನಿಂತಿರುತ್ತವೆ. ಹೊರಗಿನಿಂದ ಬರುವ ಸಂದೇಶವನ್ನು ಹಿಡಿದು ಒಳಗೆ ತಿಳಿಸುವ ಪ್ರೋಟೀನ್‌ಗಳಿಗೆ ರಿಸೆಪ್ಟರ್ ಎನ್ನುತ್ತಾರೆ. ಸಿಸಿಆರ್5 ಜೀನಿನಿಂದ ಆಗುವ ಅದೇ ಹೆಸರಿನ ಪ್ರೋಟೀನ್ ಅಂಥದ್ದೊಂದು. ದೇಹದಲ್ಲಿ ಎಲ್ಲಾದರೂ ಗಾಯವೋ ಸೋಂಕೋ ಆದಾಗ 'ಇಲ್ಲಿಗೆ ಬನ್ನಿ' ಎಂದು ಬಿಳಿ ರಕ್ತಕಣಗಳನ್ನು ಕರೆಯುವ ಸಣ್ಣ ಪ್ರೋಟೀನ್‌ಗಳಿವೆ. ಆ ಕರೆಯನ್ನು ಕೇಳಿಸಿಕೊಳ್ಳುವುದು ಇದರ ನಿಜವಾದ ಕೆಲಸ. ಈ ಪ್ರೋಟೀನ್ ಕೋಶದ ಪೊರೆಯನ್ನು ಏಳು ಸಲ ಹಾದುಹೋಗುತ್ತದೆ, ಸೂಜಿಯಲ್ಲಿ ದಾರ ಹೊಲಿದ ಹಾಗೆ ಒಳಗೆ ಹೊರಗೆ, ಒಳಗೆ ಹೊರಗೆ.

ಎಚ್‌ಐವಿ ಇದನ್ನು ದುರುಪಯೋಗ ಮಾಡಿಕೊಳ್ಳುತ್ತದೆ. ವೈರಸ್ ಮೊದಲು ಸಿಡಿ4 ಎಂಬ ಇನ್ನೊಂದು ಪ್ರೋಟೀನಿಗೆ ಅಂಟಿಕೊಳ್ಳುತ್ತದೆ. ಸಿಡಿ4 ಮನೆಯ ಜಗಲಿ ಇದ್ದಂತೆ. ಜಗಲಿ ಹತ್ತಿದ ಮಾತ್ರಕ್ಕೆ ಒಳಗೆ ಬಂದ ಹಾಗಾಗಲಿಲ್ಲ. ಒಳಗೆ ಹೋಗುವ ಕದ ಸಿಸಿಆರ್5. ಇದು ಗೊತ್ತಾಗಿದ್ದು 1996ರಲ್ಲಿ. ಸಿಎಕ್ಸ್‌ಸಿಆರ್4 ಎಂಬ ಇನ್ನೊಂದು ಕದವೂ ಇದೆ ಎಂಬುದು ಅದೇ ವರ್ಷ ಪತ್ತೆಯಾಯಿತು. ಈ ಎರಡನೇ ಕದವನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಹೊಸದಾಗಿ ಸೋಂಕು ತಗಲುವಾಗ ವೈರಸ್ ಬಳಸುವುದು ಬಹುಮಟ್ಟಿಗೆ ಸಿಸಿಆರ್5 ಕದವನ್ನೇ. ಅದಕ್ಕೇ ವಿಜ್ಞಾನಿಗಳ ಕಣ್ಣೆಲ್ಲ ಇದರ ಮೇಲೆ ಬಿತ್ತು.

ಒಂದೇ ಪುಟದಲ್ಲಿ ಬರೆದ ಪಾಠ

ಸಿಸಿಆರ್5 ಜೀನ್ ಇರುವುದು ನಮ್ಮ ಮೂರನೇ ಕ್ರೋಮೋಸೋಮಿನ ಚಿಕ್ಕ ತೋಳಿನಲ್ಲಿ. ಉದ್ದ ಸುಮಾರು 6,000 ಅಕ್ಷರ. ಅಕ್ಷರ ಎಂದರೆ ಡಿಎನ್‌ಎಯ ಎ, ಟಿ, ಜಿ, ಸಿ.

ನಮ್ಮ ಬಹುಪಾಲು ಜೀನ್‌ಗಳಲ್ಲಿ ಪ್ರೋಟೀನಿನ ಪಾಠ ಒಂದೇ ಕಡೆ ಇರುವುದಿಲ್ಲ. ಒಂದಿಷ್ಟು ಪಾಠ, ಮಧ್ಯೆ ಪಾಠವಲ್ಲದ ಉದ್ದನೆಯ ಭಾಗ, ಮತ್ತೆ ಒಂದಿಷ್ಟು ಪಾಠ. ಉಳಿಸಿಕೊಳ್ಳುವ ತುಂಡಿಗೆ ಎಕ್ಸಾನ್, ಕತ್ತರಿಸಿ ಬಿಸಾಡುವ ತುಂಡಿಗೆ ಇಂಟ್ರಾನ್ ಎಂದು ಹೆಸರು. ರಕ್ತದಿಂದ ಕೊಲೆಸ್ಟರಾಲ್ ಹಿಡಿದು ಕೋಶದೊಳಗೆ ಎಳೆದುಕೊಳ್ಳುವ ಎಲ್‌ಡಿಎಲ್ ರಿಸೆಪ್ಟರ್ ಕೂಡ ಕೋಶದ ಹೊರಮೈ ಪ್ರೋಟೀನೇ. ಅದರ ಜೀನ್ 18 ಎಕ್ಸಾನ್‌ಗಳಾಗಿ ಹರಡಿಕೊಂಡಿದೆ.

ಸಿಸಿಆರ್5 ಹಾಗಲ್ಲ. ಅದಕ್ಕೂ ಎಕ್ಸಾನ್‌ಗಳಿವೆ. ಆದರೆ ಮೊದಲಿನವು ಜೀನನ್ನು ಯಾವಾಗ, ಎಷ್ಟು ಓದಬೇಕು ಎಂಬುದಕ್ಕೆ ಸಂಬಂಧಿಸಿದವು. ಪ್ರೋಟೀನಿನ ಪಾಠವೆಲ್ಲ ಕೊನೆಯ ಒಂದೇ ಎಕ್ಸಾನ್‌ನಲ್ಲಿ, ಎಲ್ಲೂ ತುಂಡಾಗದೆ ಇದೆ. 352 ಅಮೈನೋ ಆಮ್ಲಗಳ ಪ್ರೋಟೀನ್, ಒಂದೊಂದಕ್ಕೆ ಮೂರು ಅಕ್ಷರದ ಹಾಗೆ 1,056 ಅಕ್ಷರ, ಕೊನೆಗೆ 'ನಿಲ್ಲಿಸು' ಎನ್ನುವ ಮೂರು ಅಕ್ಷರ. ಅಷ್ಟೇ.

ಇದರಿಂದ ಆಗುವ ಪರಿಣಾಮ ದೊಡ್ಡದು. ಪಾಠ ಹಲವು ಎಕ್ಸಾನ್‌ಗಳಲ್ಲಿ ಹಂಚಿಹೋಗಿದ್ದರೆ, ತಪ್ಪಿರುವ ಒಂದು ಎಕ್ಸಾನನ್ನು ಹಾರಿಸಿ ಮುಂದಿನದನ್ನು ಓದಿಕೊಳ್ಳುವ ದಾರಿ ಕೆಲವೊಮ್ಮೆ ಇರುತ್ತದೆ. ಡುಷೆನ್ ಎಂಬ ಸ್ನಾಯು ಕಾಯಿಲೆಗೆ ಇದೇ ಉಪಾಯದ ಔಷಧಿಗಳು ಬಂದಿವೆ. ಸಿಸಿಆರ್5ನಲ್ಲಿ ಹಾರಿಸಲು ಬೇರೆ ಪುಟವೇ ಇಲ್ಲ. ನಡುವೆ ಸಾಲು ಎಡವಿತು ಅಂದರೆ ಕೊನೆಯವರೆಗೂ ಎಡವಿಕೊಂಡೇ ಹೋಗಬೇಕು.

32 ಅಕ್ಷರ ಹೋದಾಗ

ಕೆಲವರಲ್ಲಿ ಈ ಪಾಠದ ನಡುವೆ 32 ಅಕ್ಷರಗಳು ಸಾರಾಸಗಟು ಕಾಣೆಯಾಗಿವೆ. ಈ ಬದಲಾವಣೆಗೆ ಡೆಲ್ಟಾ 32 ಎಂದು ಹೆಸರು. ಸಾವಿರಕ್ಕಿಂತ ಜಾಸ್ತಿ ಅಕ್ಷರಗಳಲ್ಲಿ 32 ಹೋದರೆ ಅಂಥದ್ದೇನು ಅನಿಸಬಹುದು. ಆದರೆ ಇಲ್ಲಿ ಎಷ್ಟು ಹೋಯಿತು ಎನ್ನುವುದಕ್ಕಿಂತ, ಹೋದದ್ದನ್ನು ಮೂರರಿಂದ ಭಾಗಿಸಿದರೆ ಎಷ್ಟು ಉಳಿಯುತ್ತದೆ ಎನ್ನುವುದು ಮುಖ್ಯ.

ಕನ್ನಡದಲ್ಲೇ ಒಂದು ವಾಕ್ಯ ತೆಗೆದುಕೊಳ್ಳೋಣ. ಪ್ರತಿ ಪದದಲ್ಲೂ ಮೂರೇ ಅಕ್ಷರ:

ಕಮಲ ಬೆಳಗ್ಗೆ ಮನೆಗೆ ಹೂವನ್ನು ತಂದಳು

ಇದರಿಂದ ಮೂರು ಅಕ್ಷರ, ಅಂದರೆ 'ಬೆಳಗ್ಗೆ' ತೆಗೆದರೆ 'ಕಮಲ ಮನೆಗೆ ಹೂವನ್ನು ತಂದಳು' ಎಂದಾಗುತ್ತದೆ. ಏನೋ ಸ್ವಲ್ಪ ಕಡಿಮೆಯಾಯಿತು, ಅರ್ಥ ಕೆಡಲಿಲ್ಲ. ಈಗ ಮೂರರ ಬದಲು ಎರಡೇ ಅಕ್ಷರ, 'ಬೆಳ' ಮಾತ್ರ ತೆಗೆದು, ಮತ್ತೆ ಮೂರು ಮೂರಾಗಿ ಓದಿ:

ಕಮಲ ಗ್ಗೆಮನೆ ಗೆಹೂವ ನ್ನುತಂದ ಳು

ಹೋದದ್ದು ಕಡಿಮೆ, ಕೆಟ್ಟದ್ದು ಜಾಸ್ತಿ. 32ನ್ನು ಮೂರರಿಂದ ಭಾಗಿಸಿದರೆ ಉಳಿಯುವುದೂ ಎರಡೇ. ಹಾಗಾಗಿ ಡೆಲ್ಟಾ 32 ಇರುವ ಜೀನ್ ಓದುವಾಗ ಮೊದಲ 184 ಅಮೈನೋ ಆಮ್ಲಗಳು ಸರಿಯಾಗಿ ಬರುತ್ತವೆ. ಆಮೇಲೆ 31 ಅಮೈನೋ ಆಮ್ಲಗಳು ಅರ್ಥವಿಲ್ಲದವು. ಅಲ್ಲಿಗೆ ಅಕಸ್ಮಾತ್ತಾಗಿ 'ನಿಲ್ಲಿಸು' ಅಕ್ಷರಗಳು ಎದುರಾಗಿ ಓದು ನಿಂತುಬಿಡುತ್ತದೆ. 352ರ ಜಾಗದಲ್ಲಿ 215ರ ಮೊಟಕು ಪ್ರೋಟೀನ್. ಪೊರೆಯನ್ನು ಏಳು ಸಲ ಹಾಯಬೇಕಾದದ್ದರಲ್ಲಿ ಕೊನೆಯ ಮೂರು ಹಾಯುವಿಕೆಗಳೇ ಇಲ್ಲ, ಬಾಲವೂ ಇಲ್ಲ. ಇಂಥ ಪ್ರೋಟೀನ್ ಕೋಶದ ಹೊರಮೈವರೆಗೆ ತಲುಪುವುದೇ ಇಲ್ಲ. ಒಳಗೇ ಉಳಿದುಬಿಡುತ್ತದೆ. ಕದವೇ ಇಲ್ಲದ ಮೇಲೆ ವೈರಸ್ ತಟ್ಟುವುದಾದರೂ ಏನನ್ನು?

ಈ ಬದಲಾವಣೆ ಎಚ್‌ಐವಿಯಿಂದಾಗಿ ಹರಡಿದ್ದಲ್ಲ. ಎಚ್‌ಐವಿ ಮನುಷ್ಯರಿಗೆ ಬಂದು ಸುಮಾರು ನೂರು ವರ್ಷವಾಗಿರಬಹುದು, ಡೆಲ್ಟಾ 32ಕ್ಕೆ ಸಾವಿರಾರು ವರ್ಷದ ಇತಿಹಾಸವಿದೆ.

ಒಂದು ಗೆರೆ, ಎರಡು ಗೆರೆ

ಜೀನ್ ನಮಗೆ ತಾಯಿಯಿಂದ ಒಂದು, ತಂದೆಯಿಂದ ಒಂದು ಬರುತ್ತದೆ. ಯಾರಲ್ಲಿ ಎಷ್ಟು ಕೆಟ್ಟಿದೆ ಎಂದು ನೋಡುವ ಪರೀಕ್ಷೆ ತುಂಬಾ ಸರಳ. ಪಾಠ ಒಂದೇ ತುಂಡಾಗಿರುವುದರಿಂದ 32 ಅಕ್ಷರಗಳ ಆಚೀಚೆಯ ಭಾಗವನ್ನು ಪಿಸಿಆರ್‌ನಲ್ಲಿ ಹೆಚ್ಚಿಸಿ, ಜೆಲ್ ಎಂಬ ಲೋಳೆಯಂಥ ಹಲಗೆಯ ಒಂದು ತುದಿಯಲ್ಲಿ ಹಾಕಿ ಕರೆಂಟ್ ಹರಿಸುತ್ತಾರೆ. ಸಣ್ಣ ತುಂಡು ಬೇಗ ಓಡುತ್ತದೆ, ದೊಡ್ಡದು ಹಿಂದೆ ಉಳಿಯುತ್ತದೆ. ಎರಡೂ ಪ್ರತಿ ಸರಿಯಿದ್ದವರಲ್ಲಿ ಹಿಂದೆ ಒಂದೇ ಗೆರೆ. ಎರಡೂ ಕೆಟ್ಟಿದ್ದರೆ ಮುಂದೆ ಒಂದೇ ಗೆರೆ. ಒಂದು ಕೆಟ್ಟು ಒಂದು ಸರಿಯಿದ್ದರೆ ಹಿಂದೊಂದು, ಮುಂದೊಂದು.

ಎರಡೂ ಕೆಟ್ಟವರಿಗೆ ಸಿಸಿಆರ್5 ಮೂಲಕ ಬರುವ ಎಚ್‌ಐವಿ ತಗಲುವುದು ತೀರಾ ಅಪರೂಪ. ಉತ್ತರ ಯುರೋಪ್ ಮೂಲದವರಲ್ಲಿ ಸುಮಾರು ನೂರಕ್ಕೆ ಒಬ್ಬರು ಹೀಗಿದ್ದಾರೆ. ಒಂದು ಪ್ರತಿ ಮಾತ್ರ ಕೆಟ್ಟವರಿಗೆ ಸೋಂಕು ತಗಲುತ್ತದೆ. ಆದರೆ ಕೋಶದ ಮೇಲೆ ಕದಗಳ ಸಂಖ್ಯೆ ಕಡಿಮೆ ಇರುವುದರಿಂದ ಕಾಯಿಲೆ ನಿಧಾನವಾಗಿ ಬೆಳೆಯುತ್ತದೆ. ಭಾರತದಲ್ಲಿ ಒಂದು ಪ್ರತಿ ಕೆಟ್ಟವರೇ ಬಹಳ ಅಪರೂಪ, ಎರಡೂ ಕೆಟ್ಟವರನ್ನು ಹುಡುಕುವುದು ಹೆಚ್ಚುಕಡಿಮೆ ಆಗದ ಮಾತು.

ಬರ್ಲಿನ್‌ನಿಂದ ಜಿನೀವಾವರೆಗೆ

ಮೊದಲ ಬರ್ಲಿನ್ ರೋಗಿ ತಿಮೋತಿ ರೇ ಬ್ರೌನ್. ಎಚ್‌ಐವಿ ಜೊತೆಗೆ ರಕ್ತದ ಕ್ಯಾನ್ಸರ್ ಇತ್ತು. ಕ್ಯಾನ್ಸರಿಗೆ ಕಾಂಡಕೋಶ ಕಸಿ ಹೇಗೂ ಬೇಕಿತ್ತು. ವೈದ್ಯ ಗೆರೋ ಹ್ಯೂಟರ್ ಒಂದು ಯೋಚನೆ ಮಾಡಿದರು: ಹೊಂದುವ ದಾನಿಗಳು ಹಲವರಿದ್ದರೆ ಅವರಲ್ಲಿ ಡೆಲ್ಟಾ 32 ಇರುವವರನ್ನೇ ಯಾಕೆ ಹುಡುಕಬಾರದು? ಒಬ್ಬೊಬ್ಬರನ್ನೇ ಪರೀಕ್ಷಿಸುತ್ತಾ ಹೋದರು, 61ನೆಯವರಲ್ಲಿ ಸಿಕ್ಕಿತು. 2007ರಲ್ಲಿ ಒಮ್ಮೆ, ಕ್ಯಾನ್ಸರ್ ಮರುಕಳಿಸಿದ್ದರಿಂದ 2008ರಲ್ಲಿ ಮತ್ತೊಮ್ಮೆ ಕಸಿ ನಡೆಯಿತು. ಎಚ್‌ಐವಿ ಮತ್ತೆ ಕಾಣಿಸಲೇ ಇಲ್ಲ. 2020ರಲ್ಲಿ ಬ್ರೌನ್ ತೀರಿಕೊಂಡದ್ದು ಕ್ಯಾನ್ಸರಿನಿಂದ.

ನಂತರ 2019ರಲ್ಲಿ ಲಂಡನ್ನಿನ ಆಡಮ್ ಕ್ಯಾಸ್ಟಿಲ್ಯೆಹೋ, 2023ರಲ್ಲಿ ಡ್ಯೂಸೆಲ್‌ಡಾರ್ಫ್ ರೋಗಿ. ಇಬ್ಬರ ದಾನಿಗಳಲ್ಲೂ ಎರಡು ಪ್ರತಿ ಕೆಟ್ಟಿದ್ದವು. ಈ ನಡುವೆ ಅಮೆರಿಕದ ಬಾಸ್ಟನ್‌ನಲ್ಲಿ ಇಬ್ಬರಿಗೆ ಸಾಮಾನ್ಯ ಸಿಸಿಆರ್5 ಇರುವ ದಾನಿಗಳಿಂದ ಕಸಿಯಾಗಿತ್ತು. 2013ರಲ್ಲಿ ವೈರಸ್ ಎಲ್ಲೂ ಕಾಣದೆ ಎಲ್ಲರಲ್ಲೂ ಆಸೆ ಹುಟ್ಟಿತು. ಎಚ್‌ಐವಿ ಮಾತ್ರೆ ನಿಲ್ಲಿಸಿದ ಮೇಲೆ ಒಬ್ಬರಲ್ಲಿ ಮೂರು ತಿಂಗಳಿಗೆ, ಇನ್ನೊಬ್ಬರಲ್ಲಿ ಏಳೆಂಟು ತಿಂಗಳಿಗೆ ವೈರಸ್ ಮರಳಿತು. ಇದನ್ನು ನೋಡಿದ ಯಾರಿಗಾದರೂ ಏನನಿಸುತ್ತದೆ? ಜೀನ್ ಕೆಟ್ಟಿದ್ದರೆ ಗೆಲುವು, ಇಲ್ಲದಿದ್ದರೆ ಸೋಲು. ಹಾಗೆ ಅಂದುಕೊಂಡದ್ದರಲ್ಲಿ ತಪ್ಪೇನೂ ಇರಲಿಲ್ಲ.

ಆದರೆ ಆಗಲೇ ಒಂದು ಅಪವಾದವೂ ಇತ್ತು, ಅಷ್ಟಾಗಿ ಸುದ್ದಿಯಾಗಲಿಲ್ಲ. ಜರ್ಮನಿಯ ಎಸೆನ್‌ನಲ್ಲಿ ಒಬ್ಬರಿಗೆ ಎರಡೂ ಪ್ರತಿ ಕೆಟ್ಟ ದಾನಿಯಿಂದಲೇ ಕಸಿಯಾಗಿತ್ತು. ಆದರೂ ವೈರಸ್ ವಾಪಸ್ ಬಂತು. ಅವರ ದೇಹದಲ್ಲಿದ್ದ ವೈರಸ್‌ಗಳಲ್ಲಿ ಸಿಎಕ್ಸ್‌ಸಿಆರ್4 ಎಂಬ ಆ ಎರಡನೇ ಕದವನ್ನು ಬಳಸುವಂಥವೂ ಇದ್ದವು. 2014ರಲ್ಲಿ ಇದು ಪ್ರಕಟವಾಯಿತು.

ಇದಕ್ಕೆ ಉಲ್ಟಾ ಆಗಿದ್ದು ಜಿನೀವಾದಲ್ಲಿ. 2018ರಲ್ಲಿ ಸಾಮಾನ್ಯ ದಾನಿಯಿಂದ ಕಸಿ, 2021ರ ನವೆಂಬರ್‌ನಲ್ಲಿ ಮಾತ್ರೆ ಬಂದ್, ವೈರಸ್ ಇಲ್ಲ. ಎರಡನೇ ಬರ್ಲಿನ್ ರೋಗಿಗೆ 2015ರಲ್ಲಿ ಕಸಿಯಾಯಿತು, 2018ರಲ್ಲಿ ಮಾತ್ರೆ ನಿಂತಿತು. ಅಲ್ಲಿಂದ ಆರು ವರ್ಷ ದಾಟಿದರೂ ವೈರಸ್ ಕಂಡಿಲ್ಲ.

ಕೆಟ್ಟ ಜೀನಿನಿಂದ ಗೆಲುವು, ಕೆಟ್ಟ ಜೀನ್ ಇದ್ದೂ ಸೋಲು, ಒಳ್ಳೆಯ ಜೀನ್ ಇದ್ದು ಸೋಲು, ಒಳ್ಳೆಯ ಜೀನ್ ಇದ್ದೂ ಗೆಲುವು. ನಾಲ್ಕೂ ಆಗಿವೆ. ಅಂದಮೇಲೆ ಬೇರೆ ಏನೋ ಒಂದು ಇಲ್ಲಿ ಕೆಲಸ ಮಾಡುತ್ತಿದೆ, ಅಲ್ವಾ?

ಮನೆ ಖಾಲಿ ಮಾಡಿಸಿದವರು ಯಾರು?

ಎಚ್‌ಐವಿ ವಾಸಿಯಾಗದಿರಲು ಒಂದೇ ಒಂದು ಮುಖ್ಯ ಕಾರಣ ಇದೆ. ವೈರಸ್ ತನ್ನ ಜೀನುಗಳನ್ನು ನಮ್ಮದೇ ಬಿಳಿ ರಕ್ತಕಣಗಳ ಡಿಎನ್‌ಎ ಒಳಗೆ ಸೇರಿಸಿ ಸುಮ್ನೆ ಕೂತುಬಿಡುತ್ತದೆ. ಮಾತ್ರೆಗಳು ಹೊಸ ವೈರಸ್ ಹುಟ್ಟದಂತೆ ತಡೆಯುತ್ತವೆ, ಅಡಗಿ ಕೂತದ್ದನ್ನು ಮುಟ್ಟಲಾರವು. ಮಾತ್ರೆ ನಿಲ್ಲಿಸಿದರೆ ಕೆಲವು ವಾರಗಳಲ್ಲಿ ಅದು ಮತ್ತೆ ಎದ್ದು ಬರುತ್ತದೆ. ಹಾಗಾಗಿ ವಾಸಿಯಾಗಬೇಕಾದರೆ ಆ ಹಳೆಯ ಕೋಶಗಳೇ ಹೋಗಬೇಕು.

ಕಸಿಯಲ್ಲಿ ಆಗುವುದು ಅದೇ. ಮೊದಲು ಕೀಮೋಥೆರಪಿ, ಕೆಲವರಿಗೆ ವಿಕಿರಣ ಕೂಡ ಕೊಟ್ಟು ರೋಗಿಯ ಹಳೆಯ ರಕ್ತಕೋಶಗಳನ್ನು ಸಾಯಿಸುತ್ತಾರೆ. ಉಳಿದವುಗಳನ್ನು ದಾನಿಯಿಂದ ಬಂದ ರೋಗನಿರೋಧಕ ಕೋಶಗಳು 'ಇವು ನಮ್ಮವಲ್ಲ' ಎಂದು ಹುಡುಕಿ ಕೊಲ್ಲುತ್ತವೆ. ಉಳಿದ ಕ್ಯಾನ್ಸರ್ ಕೋಶಗಳನ್ನು ಮುಗಿಸುವುದೂ ಇದೇ ದಾಳಿ. ಅಡಗಿದ ಎಚ್‌ಐವಿ ಇರುವ ಕೋಶಗಳೂ ಹಳೆಯವೇ ಆದ್ದರಿಂದ ಅವೂ ಅದರ ಜೊತೆಗೇ ಹೋಗುತ್ತವೆ.

ಇಲ್ಲಿ ತಜ್ಞರಲ್ಲಿ ಎರಡು ನಿಲುವುಗಳಿವೆ. ಒಂದು ಕಡೆಯವರ ಪ್ರಕಾರ ಸಿಸಿಆರ್5 ಇಲ್ಲದ ದಾನಿಯೇ ಬೇಕು. ಹಳೆಯ ಕೋಶ ಒಂದೆರಡು ಉಳಿದುಕೊಂಡು ವೈರಸ್ ಉಗುಳಿದರೂ ಹೊಸ ಕೋಶಗಳಿಗೆ ಕದವೇ ಇಲ್ಲದ್ದರಿಂದ ಅದು ಹರಡುವುದಿಲ್ಲ. ಜಿನೀವಾ ಒಂದು ಅಪರೂಪದ ಪ್ರಕರಣ, ಆ ರೋಗಿ ಕಸಿಯ ತೊಂದರೆಗಾಗಿ ರುಕ್ಸೊಲಿಟಿನಿಬ್ ಎಂಬ ಔಷಧಿಯನ್ನೂ ತೆಗೆದುಕೊಳ್ಳುತ್ತಿದ್ದರು, ವೈರಸ್ಸನ್ನು ಅದೂ ಅದುಮಿರಬಹುದು ಎಂದು ಇವರು ನೆನಪಿಸುತ್ತಾರೆ. ಇನ್ನೊಂದು ಕಡೆಯವರು ಹೇಳುವುದು: ಗೆಲುವಿನ ಮೂಲ ದಾನಿಯ ಕೋಶಗಳು ಮಾಡಿದ ದಾಳಿ. ಜೀನ್ ಅದಕ್ಕೆ ಬೆಂಬಲ ಅಷ್ಟೇ.

ಸಾಕ್ಷ್ಯಗಳನ್ನೆಲ್ಲ ಜೋಡಿಸಿದರೆ ಎರಡನೆಯ ನಿಲುವಿಗೇ ಹೆಚ್ಚು ಬಲ ಕಾಣುತ್ತದೆ. ಅದಕ್ಕೆ ಒಂದು ಸರಳ ಕಾರಣ ಇದೆ. ಕಸಿಯ ಸಮಯದಲ್ಲಿ ಹೊಸ ಕೋಶಗಳನ್ನು ಕಾಯುವ ಕೆಲಸವನ್ನು ಜೀನೇ ಮಾಡಬೇಕಿಲ್ಲ. ಎಚ್‌ಐವಿ ಮಾತ್ರೆಗಳೂ ಅದನ್ನು ಮಾಡುತ್ತವೆ. ಮಾತ್ರೆಯ ಕಾವಲಿನಲ್ಲಿ ಹಳೆಯ ಕೋಶಗಳು ಪೂರ್ತಿ ಖಾಲಿಯಾದರೆ, ಆಮೇಲೆ ಕದ ತೆರೆದಿದ್ದರೂ ತಟ್ಟಲು ಯಾರೂ ಇರುವುದಿಲ್ಲ. ಸ್ವಲ್ಪ ಉಳಿದುಕೊಂಡರೆ ಬಾಸ್ಟನ್‌ನಲ್ಲಿ ಆದದ್ದು ಆಗುತ್ತದೆ. ಡೆಲ್ಟಾ 32 ಇದ್ದಾಗ ಸಣ್ಣಪುಟ್ಟ ಉಳಿಕೆ ಇದ್ದರೂ ತಡೆದುಕೊಳ್ಳಬಹುದು. ಅಂದರೆ ಅದು ತಪ್ಪಿಗೆ ಅವಕಾಶ ಕೊಡುವ ಜೀನ್. ಗುಣಪಡಿಸುವ ಜೀನ್ ಅಂತ ಹೇಳುವುದು ಸರಿಯಾಗುವುದಿಲ್ಲ.

ಜೀನ್ ತಿದ್ದಲು ಹೊರಟವರಿಗೆ

ಈ ವ್ಯತ್ಯಾಸ ಬರೀ ಪುಸ್ತಕದ ಚರ್ಚೆಯಲ್ಲ. ಸಿಸಿಆರ್5 ಕತ್ತರಿಸಿದರೆ ಸಾಕು ಎಂಬ ನಂಬಿಕೆಯ ಮೇಲೆ ದೊಡ್ಡ ದೊಡ್ಡ ಪ್ರಯೋಗಗಳು ನಡೆದಿವೆ. 2014ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ಅಮೆರಿಕದ 12 ರೋಗಿಗಳ ಬಿಳಿ ರಕ್ತಕಣ ತೆಗೆದು, ಅದರ ಸಿಸಿಆರ್5 ಕತ್ತರಿಸಿ, ವಾಪಸ್ ಹಾಕಿದರು. 2019ರಲ್ಲಿ ಪ್ರಕಟವಾದ ಇನ್ನೊಂದರಲ್ಲಿ ಚೀನಾದ ಎಚ್‌ಐವಿ ಮತ್ತು ರಕ್ತದ ಕ್ಯಾನ್ಸರ್ ಎರಡೂ ಇದ್ದ ಒಬ್ಬರಿಗೆ ಕ್ರಿಸ್ಪರ್ ಎಂಬ ಜೀನ್ ಕತ್ತರಿಯಿಂದ ತಿದ್ದಿದ ಕಾಂಡಕೋಶ ಹಾಕಿದರು. ತಿದ್ದಿದ ಕೋಶಗಳು ದೇಹದಲ್ಲಿ ಉಳಿದವು, ತೊಂದರೆ ಕೊಡಲಿಲ್ಲ. ಆದರೆ ಅವುಗಳ ಪಾಲು ನೂರಕ್ಕೆ ಹತ್ತನ್ನೂ ಮುಟ್ಟಲಿಲ್ಲ. ಉಳಿದ ತೊಂಬತ್ತರಲ್ಲಿ ಕದ ತೆರೆದೇ ಇರುವಾಗ ವೈರಸ್ಸಿಗೆ ಏನು ಕಷ್ಟ?

ಇನ್ನೊಂದು ತೊಡಕು ಜೀನಿನ ನೆರೆಮನೆಯದು. ಸಿಸಿಆರ್5 ಪಕ್ಕದಲ್ಲೇ ಸಿಸಿಆರ್2 ಎಂಬ ಜೀನ್ ಇದೆ. ಅಕ್ಕತಂಗಿಯರಂತೆ ಎರಡೂ ಒಂದೇ ಥರ. ಒಂದನ್ನು ಕತ್ತರಿಸಲು ಕಳಿಸಿದ ಕತ್ತರಿ ಇನ್ನೊಂದನ್ನೂ ಕತ್ತರಿಸಬಹುದು. ಎರಡೂ ಒಟ್ಟಿಗೆ ತುಂಡಾದರೆ ನಡುವಿನ ಡಿಎನ್‌ಎ ಪೂರ್ತಿ ಕಳಚಿಹೋಗಬಹುದು.

ಎಲ್ಲಕ್ಕಿಂತ ನೋವಿನ ಪ್ರಕರಣ 2018ರ ನವೆಂಬರ್‌ನದು. ಚೀನಾದ ವಿಜ್ಞಾನಿ ಹೆ ಜಿಯಾಂಕುಯಿ ಭ್ರೂಣದಲ್ಲೇ ಸಿಸಿಆರ್5 ತಿದ್ದಿ ಅವಳಿ ಹೆಣ್ಣುಮಕ್ಕಳು ಹುಟ್ಟಿದ್ದಾರೆ ಎಂದು ಪ್ರಕಟಿಸಿದರು. ಆಮೇಲೆ ಅವರಿಗೆ ಮೂರು ವರ್ಷ ಜೈಲಾಯಿತು. ಅವರೇ ತೋರಿಸಿದ ವಿವರಗಳ ಪ್ರಕಾರ ಆ ಮಕ್ಕಳಲ್ಲಿ ಡೆಲ್ಟಾ 32 ಬಂದಿರಲೇ ಇಲ್ಲ. ಒಂದು ಮಗುವಿನ ಒಂದು ಪ್ರತಿಯಲ್ಲಿ 15 ಅಕ್ಷರ ಹೋಗಿತ್ತು, ಇನ್ನೊಂದು ಪ್ರತಿ ಹಾಗೇ ಇತ್ತು. ಕಮಲಳ ವಾಕ್ಯ ನೆನಪಿಸಿಕೊಳ್ಳಿ. 15 ಮೂರರಿಂದ ಸರಿಯಾಗಿ ಭಾಗವಾಗುತ್ತದೆ. ಐದು ಪದ ಹೋಯಿತು, ಉಳಿದ ಸಾಲು ನೆಟ್ಟಗೇ ಇದೆ. ಕದ ಮುಚ್ಚಿತೋ ಇಲ್ಲವೋ ಎಂಬುದೇ ಅನುಮಾನ. ಇನ್ನೊಂದು ಮಗುವಿನಲ್ಲಿ ಒಂದು ಪ್ರತಿಗೆ ಒಂದು ಅಕ್ಷರ ಸೇರಿತ್ತು, ಇನ್ನೊಂದರಿಂದ ನಾಲ್ಕು ಹೋಗಿತ್ತು. ಅಲ್ಲಿ ಸಾಲು ಎಡವುತ್ತದೆ ನಿಜ. ಆದರೆ ಅಂಥ ಮೊಟಕು ಪ್ರೋಟೀನ್ ಯಾವ ಮನುಷ್ಯರಲ್ಲೂ ಮೊದಲು ನೋಡಿದ್ದಲ್ಲ. ಆ ಮಕ್ಕಳಿಗೆ ಎಚ್‌ಐವಿ ಇರಲಿಲ್ಲ. ತಂದೆಗೆ ಸೋಂಕಿತ್ತು, ಅದು ಮಕ್ಕಳಿಗೆ ಬಾರದಂತೆ ತಡೆಯಲು ಬೇರೆ ಸುರಕ್ಷಿತ ದಾರಿಗಳಿದ್ದವು. ಬೇಡವಾದ ಕಡೆ, ಅರೆಬರೆ ಮಾಡಿದ ಈ ಕೆಲಸವನ್ನು ಒಪ್ಪಲು ಸಾಧ್ಯವೇ ಇಲ್ಲ.

ಸಿಸಿಆರ್5 ಇಲ್ಲದೆ ಬದುಕಬಹುದು, ಆದರೆ ಅದು ದಂಡಕ್ಕೆ ಇರುವ ಜೀನಲ್ಲ. ಸೊಳ್ಳೆಯಿಂದ ಹರಡುವ ವೆಸ್ಟ್ ನೈಲ್ ವೈರಸ್ ತಗಲಿದಾಗ ಎರಡೂ ಪ್ರತಿ ಕೆಟ್ಟವರಲ್ಲಿ ಕಾಯಿಲೆ ಹೆಚ್ಚು ಕಾಣಿಸುತ್ತದೆ ಎಂಬುದಕ್ಕೆ ಸಾಕ್ಷ್ಯ ಇದೆ. ಪಕ್ಕದ ಕೇರಳದಲ್ಲೇ ಈ ಜ್ವರ ಬಂದು ಹೋಗುತ್ತಿರುತ್ತದೆ.

ನಮ್ಮಲ್ಲಿ ಇದರಿಂದ ಏನು ಬದಲಾಗುತ್ತದೆ?

ಭಾರತದಲ್ಲಿ ಸುಮಾರು 25 ಲಕ್ಷ ಜನ ಎಚ್‌ಐವಿಯೊಂದಿಗೆ ಬದುಕುತ್ತಿದ್ದಾರೆ. ಕರ್ನಾಟಕದಲ್ಲೂ ಅವರ ಸಂಖ್ಯೆ ಕಡಿಮೆಯೇನಲ್ಲ. ಇಲ್ಲಿ ಹರಡಿರುವ ವೈರಸ್ ಬಹುಪಾಲು 'ಸಿ' ಎಂಬ ಉಪವಿಧದ್ದು, ಅದು ಸಾಮಾನ್ಯವಾಗಿ ಸಿಸಿಆರ್5 ಕದವನ್ನೇ ನೆಚ್ಚಿಕೊಂಡದ್ದು.

ಹಾಗಂತ ಇವರೆಲ್ಲರಿಗೂ ಕಸಿ ಮಾಡಿಸಬಹುದಾ? ಖಂಡಿತ ಇಲ್ಲ. ಕಸಿಯಲ್ಲಿ ಪ್ರಾಣಾಪಾಯ ಇದೆ. ಕ್ಯಾನ್ಸರಿನಂಥ ಬೇರೆ ಕಾರಣಕ್ಕೆ ಕಸಿ ಬೇಕೇಬೇಕು ಎನ್ನುವವರಿಗೆ ಮಾತ್ರ ಇದನ್ನು ಮಾಡಿರುವುದು. ಸರಕಾರಿ ಎಆರ್‌ಟಿ ಕೇಂದ್ರಗಳಲ್ಲಿ 2004ರಿಂದ ಮಾತ್ರೆ ಉಚಿತವಾಗಿ ಸಿಗುತ್ತಿದೆ. ದಿನಾ ತಪ್ಪದೆ ತೆಗೆದುಕೊಂಡರೆ ಆಯಸ್ಸು ಬೇರೆಯವರಿಗೆ ಹತ್ತಿರ ಹತ್ತಿರ ಬರುತ್ತದೆ. ರಕ್ತದಲ್ಲಿ ವೈರಸ್ ಕಾಣದ ಮಟ್ಟಕ್ಕೆ ಇಳಿದು ಹಾಗೇ ಉಳಿದರೆ ಲೈಂಗಿಕ ಸಂಪರ್ಕದಿಂದ ಸಂಗಾತಿಗೆ ಸೋಂಕು ದಾಟುವುದಿಲ್ಲ. ಬರ್ಲಿನ್, ಜಿನೀವಾ ಸುದ್ದಿ ಓದಿ ಮಾತ್ರೆ ನಿಲ್ಲಿಸಿ ನೋಡೋಣ ಅಂತ ಯಾರೂ ಹೊರಡಬಾರದು. ಕಸಿಯಾಗದವರಲ್ಲಿ ಅಡಗಿದ ವೈರಸ್ ಹಾಗೇ ಇರುತ್ತದೆ.

ಆದರೆ ಒಂದು ಗುಂಪಿನವರಿಗೆ ಈ ಸುದ್ದಿ ನೇರವಾಗಿ ತಟ್ಟುತ್ತದೆ: ಎಚ್‌ಐವಿಯೂ ಇದ್ದು, ರಕ್ತದ ಕ್ಯಾನ್ಸರಿಗೆ ಕಸಿಯೂ ಬೇಕಾದವರು. ಡೆಲ್ಟಾ 32 ಇರುವ ದಾನಿಯೇ ಬೇಕು ಎಂದರೆ ನಮ್ಮ ದೇಶದ ರೋಗಿಗೆ ಎಚ್‌ಐವಿ ವಾಸಿಯಾಗುವ ಆಸೆ ಅಲ್ಲಿಗೇ ಮುಗಿಯುತ್ತಿತ್ತು. ನಮ್ಮವರಲ್ಲಿ ಆ ಬದಲಾವಣೆ ಇಲ್ಲವೆನ್ನುವಷ್ಟು ಕಡಿಮೆ, ಅದು ಇರುವ ಯುರೋಪಿನವರ ಜೊತೆ ಎಚ್‌ಎಲ್‌ಎ (ದಾನಿ ಮತ್ತು ರೋಗಿ ಹೊಂದುತ್ತಾರೋ ಎಂದು ನೋಡುವ, ಕೋಶಗಳ ಮೇಲಿನ ಗುರುತು) ಹೊಂದುವುದು ಅಪರೂಪ. ಈಗ ವೈದ್ಯರು ಮೊದಲು ಎಚ್‌ಎಲ್‌ಎ ಚೆನ್ನಾಗಿ ಹೊಂದುವವರನ್ನು ನೋಡಬಹುದು. ಒಡಹುಟ್ಟಿದ ಒಬ್ಬೊಬ್ಬರಲ್ಲೂ ಅದು ಪೂರ್ತಿ ಹೊಂದುವ ಸಾಧ್ಯತೆ ನಾಲ್ಕರಲ್ಲಿ ಒಂದು. ಸಿಸಿಆರ್5 ಎರಡೂ ಪ್ರತಿ ಸರಿಯಿರುವ ದಾನಿ ಕೊಟ್ಟ ಕೋಶಗಳು ಕ್ಯಾನ್ಸರಿನ ಜೊತೆಗೆ ಎಚ್‌ಐವಿಯನ್ನೂ ತೊಡೆದುಹಾಕುವುದು ಅಸಾಧ್ಯವಲ್ಲ ಎಂದು ಜಿನೀವಾದ ರೋಗಿ ತೋರಿಸಿದ್ದಾರೆ.